ಕೊಡವಿ ಎಣಿಸುವವರು

"ಕೈ ತೆಗೀರಿ," ಎಂದ ಗುಮಾಸ್ತ.

ಅವಳು ತೆಗೆಯಲಿಲ್ಲ. ಅಂಗಿಯ ತೋಳನ್ನು ಮೊಣಕೈ ದಾಟಿ ಮೇಲಕ್ಕೆ ಮಡಚಿಕೊಂಡು, ಮೇಜಿನ ಮೇಲೆ ಹಾಸಿದ್ದ ನೀಲಿ ಕಾಗದದ ನಡುಮಧ್ಯಕ್ಕೆ ಕೈ ಚಾಚಿ ಕೂತಿದ್ದಳು. ಎದುರಿಗಿದ್ದ ರಕ್ತ ತೆಗೆಯುವಾಕೆ ರಬ್ಬರ್ ಪಟ್ಟಿಯನ್ನು ಆಗಲೇ ಕಟ್ಟಿಬಿಟ್ಟಿದ್ದಳು. ನರ ಉಬ್ಬಿ ನಿಂತಿತ್ತು. ಸೂಜಿಯ ಮುಚ್ಚಳ ತೆಗೆಯುವುದಷ್ಟೇ ಬಾಕಿ.

"ಪಟ್ಟಿಯಲ್ಲಿ ನೀವಿಲ್ಲಮ್ಮ. ಡಾಕ್ಟರು, ನರ್ಸು, ವಾರ್ಡಿನವರು, ಲ್ಯಾಬಿನವರು, ಅಡುಗೆಮನೆಯವರು, ಗೇಟಿನವರು. ಬಟ್ಟೆ ಕೋಣೆಯವರು ಇಲ್ಲ."

"ಬಾಗಿಲ ಮೇಲೆ 'ಎಲ್ಲ ಸಿಬ್ಬಂದಿಗೆ ರಕ್ತ ಪರೀಕ್ಷೆ' ಅಂತ ಅಂಟಿಸಿದ್ದೀರಲ್ಲ."

"ಎಲ್ಲ ಅಂದ್ರೆ, ರೋಗಿಗಳ ಸಂಪರ್ಕ ಇರೋರು ಎಲ್ಲ."

"ಗೇಟಿನವರಿಗೆ ಇದೆಯಾ?"

"ಅವರು ರೋಗಿಗಳನ್ನ ನೋಡ್ತಾರೆ."

"ನೋಡಿದ್ರೆ ಬರೋ ಕಾಯಿಲೆನಾ ಇದು? ನಾವು ಅವರು ಮಲಗಿದ ಬಟ್ಟೆನ ಎರಡೂ ಕೈಯಲ್ಲಿ ಬಾಚಿ ಎತ್ತುತ್ತೀವಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಾಲು ಉದ್ದವಿತ್ತು, ಆಸ್ಪತ್ರೆಯ ಗ್ರಂಥಾಲಯದ ಕಪಾಟುಗಳನ್ನು ಗೋಡೆಗೆ ತಳ್ಳಿ ಜಾಗ ಮಾಡಿದ್ದರೂ ಜನ ಹೊರಗಿನ ಮೊಗಸಾಲೆಯವರೆಗೂ ನಿಂತಿದ್ದರು. ಗುಮಾಸ್ತ ಕೆಟ್ಟವನಲ್ಲ. ಕಾಗದ ಎಷ್ಟು ಹೇಳಿತೋ ಅಷ್ಟೇ ಅವನ ಬಾಯಿ. ಅವನು ಪಟ್ಟಿಯನ್ನು ಅವಳ ಕಡೆ ತಿರುಗಿಸಿ, ಇಲ್ಲದ ಹೆಸರನ್ನು ಬೆರಳಿಟ್ಟು ತೋರಿಸುವುದಕ್ಕೂ ನೋಡಿದ.

ರಕ್ತ ತೆಗೆಯುವಾಕೆ ರಬ್ಬರ್ ಪಟ್ಟಿ ಬಿಚ್ಚಿದಳು. "ನಾನು ತೆಗೆದ್ರೂ ಉಪಯೋಗ ಇಲ್ಲಮ್ಮ," ಎಂದಳು ಮೆಲ್ಲಗೆ. "ಟ್ಯೂಬಿಗೆ ಚೀಟಿ ಬೇಕು, ಚೀಟಿಗೆ ಪಟ್ಟಿ ಬೇಕು. ಚೀಟಿ ಇಲ್ಲದ ರಕ್ತನ ಆ ಯಂತ್ರ ಮೂಸಿಯೂ ನೋಡಲ್ಲ. ಪಟ್ಟಿಗೆ ಸೇರಿಸ್ಕೊಂಡು ಬನ್ನಿ. ಶುಕ್ರವಾರದ ತನಕ ಇಲ್ಲೇ ಇರ್ತೀನಿ."

ಅವಳು ಎದ್ದಳು. ಮಡಚಿದ ತೋಳನ್ನು ಮಾತ್ರ ಇಳಿಸಲಿಲ್ಲ. ಹಾಗೆಯೇ ಮೊಗಸಾಲೆ ದಾಟಿ, ಮೆಟ್ಟಿಲಿಳಿದು, ಹಿಂದಿನ ಅಂಗಳ ಹಾದು ಬಟ್ಟೆ ಕೋಣೆಗೆ ಬಂದಳು.

ಬಟ್ಟೆ ಕೋಣೆಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳಾದ, ಎಲ್ಲರ ಮೇಲೂ ಯಜಮಾನಿಕೆ ಮಾಡುವ ಹಿರಿಯಕ್ಕ ಕೂಡ ಅತ್ತಿಗೆ ಎಂದೇ ಕರೆಯುತ್ತಿದ್ದಳು. ಕಾರಣ ಅವಳ ಗಂಡ. ಹದಿನಾಲ್ಕು ವರ್ಷ ಅಲ್ಲಿ ಇಸ್ತ್ರಿ ಮಾಡಿದವನು, ಎಲ್ಲರಿಗೂ ಇಸ್ತ್ರಿಯಣ್ಣ. ಅಣ್ಣನ ಹೆಂಡತಿ ಅತ್ತಿಗೆಯಲ್ಲದೆ ಇನ್ನೇನು? ಅಣ್ಣ ಸತ್ತು ಐದು ತಿಂಗಳಾಗಿತ್ತು. ಅವಳು ಅವನ ಜಾಗಕ್ಕೆ ಬಂದು ನಾಲ್ಕು ತಿಂಗಳು. ಅದಕ್ಕೆ ಮೊದಲು ಅವಳದು ಬಸ್ ನಿಲ್ದಾಣದ ಟಿಕೆಟ್ ಕಿಟಕಿ. ಬಸ್ಸುಗಳು ನಿಂತವು, ಕಿಟಕಿ ಮುಚ್ಚಿತು. ಇಲ್ಲಿ ಕೈ ಸಾಲದೆ ಬಾ ಎಂದರು, ಬಂದಳು.

ಇಲ್ಲಿನ ಕೆಲಸ ಮೇಲಿನವರು ತಿಳಿದಂತೆ ಒಗೆಯುವುದಲ್ಲ. ಒಗೆಯುವುದು ಯಂತ್ರ. ಮೂರು ಮಹಡಿಯ ವಾರ್ಡುಗಳಿಂದ ಬಟ್ಟೆಗಂಟುಗಳು ಒಂದು ಅಗಲವಾದ ತಗಡಿನ ಕೊಳವೆಯೊಳಗೆ ಜಾರಿ ಧೊಪ್ಪನೆ ಬಂದು ಬೀಳುತ್ತವೆ. ಆ ಗಂಟು ಬಿಚ್ಚಬೇಕು, ಒಂದೊಂದು ಬಟ್ಟೆಯನ್ನೂ ಬಿಡಿಸಿ ಹಿಡಿದು ಕೊಡವಬೇಕು, ಎಣಿಸಬೇಕು, ವಾರ್ಡಿನ ಚೀಟಿಯಲ್ಲಿರುವ ಲೆಕ್ಕಕ್ಕೆ ತಾಳೆ ನೋಡಬೇಕು. ಕೊಡವದೆ ಹಾಕಿದರೆ ಕೆಟ್ಟಿತು. ಹೊದಿಕೆಯ ಮಡಿಕೆಯಲ್ಲಿ ಏನೇನಿರುತ್ತದೆ ಎಂದು ದೇವರಿಗೇ ಗೊತ್ತು: ಕನ್ನಡಕ, ಕಟ್ಟಿಸಿದ ಹಲ್ಲು, ಕಿವಿಯ ಯಂತ್ರ, ಮುರಿದ ಸೂಜಿ, ಒಮ್ಮೆ ಯಾರೋ ಅಜ್ಜಿ ಬಚ್ಚಿಟ್ಟುಕೊಂಡ ಅರ್ಧ ಬಿಸ್ಕತ್ತಿನ ಪೊಟ್ಟಣ. ಅದಕ್ಕೇ ಗೋಡೆಯ ಮೇಲೆ ತಗಡಿನ ಫಲಕವೊಂದಿತ್ತು, ಸೂಪರಿಂಟೆಂಡೆಂಟರ ಸಹಿಯ ಸಮೇತ: 'ಪ್ರತಿಯೊಂದು ಬಟ್ಟೆಯನ್ನೂ ಬಿಡಿಸಿ, ಕೊಡವಿ, ಎಣಿಸಿದ ನಂತರವೇ ಯಂತ್ರಕ್ಕೆ ಹಾಕತಕ್ಕದ್ದು.' ಕೊಡವಿದಾಗ ಬಟ್ಟೆಯ ನವಿರು ಧೂಳಿನಂತೆ ಏಳುತ್ತದೆ. ಪಾಳಿ ಮುಗಿಯುವ ಹೊತ್ತಿಗೆ ಎಲ್ಲರ ಹುಬ್ಬೂ ಬೆಳ್ಳಗೆ. ಮೊದಲ ಎರಡು ತಿಂಗಳು ಮೇಲಿನವರಿಗೆ ಗಂಟೆಗೊಂದು ಮುಖಗವಸು ಸಿಕ್ಕರೆ ಇವರಿಗೆ ವಾರಕ್ಕೊಂದು ಸಿಕ್ಕಿತ್ತು, ಅದೂ ಬಟ್ಟೆಯದು, ಒಗೆದು ಹಾಕಿಕೊಳ್ಳಿ ಎಂದು.

ಇಸ್ತ್ರಿಯಣ್ಣ ಕೊಡವುವ ಮೇಜಿನವನಲ್ಲ. ಇಬ್ಬರು ಹೆದರಿ ಕೆಲಸ ಬಿಟ್ಟು ಹೋದಾಗ ಅವನನ್ನು ಇಸ್ತ್ರಿಯಿಂದ ಎಬ್ಬಿಸಿ ಆ ಮೇಜಿಗೆ ನಿಲ್ಲಿಸಿದರು. ಹತ್ತೊಂಬತ್ತು ದಿನ ಕೊಡವಿದ. ಇಪ್ಪತ್ತನೆಯ ದಿನ ಜ್ವರ. ಎಂಟು ದಿನ ಎರಡನೇ ಮಹಡಿಯಲ್ಲಿ ಮಲಗಿದ್ದು ಒಂಬತ್ತನೆಯ ಬೆಳಿಗ್ಗೆ ಹೋದ. ಅವನು ಮಲಗಿದ್ದ ಹಾಸಿಗೆಯ ಬಟ್ಟೆಯೂ ಅದೇ ಕೊಳವೆಯಲ್ಲಿ ಕೆಳಗೆ ಬಂತು. ಯಾವುದು ಅವನದೆಂದು ಇವರಿಗೆ ಗೊತ್ತಾಗುವುದಾದರೂ ಹೇಗೆ? ಎಲ್ಲದರ ಜತೆ ಅದನ್ನೂ ಕೊಡವಿದರು, ಎಣಿಸಿದರು.

ಆಸ್ಪತ್ರೆಯ ಮುಂಬಾಗಿಲ ಹತ್ತಿರ, ಸೇವೆಯಲ್ಲಿದ್ದಾಗ ಈ ಕಾಯಿಲೆಗೆ ಸತ್ತವರ ಹೆಸರಿನ ಫಲಕ ಹಾಕಿದಾಗ ಅದರಲ್ಲಿ ನಾಲ್ಕು ಹೆಸರಿದ್ದವು. ಇಸ್ತ್ರಿಯಣ್ಣನದಿರಲಿಲ್ಲ. ಹಿರಿಯಕ್ಕ ಎಲ್ಲರ ಹೆಬ್ಬೆಟ್ಟು, ಸಹಿ ಹಾಕಿಸಿ ಒಂದು ಅರ್ಜಿ ಕೊಟ್ಟಳು. ಅದಕ್ಕೆ ಉತ್ತರ ಬಂದದ್ದು ಇವಳ ಮನೆಗೆ. 'ಬಟ್ಟೆ ವಿಭಾಗದ ಸಿಬ್ಬಂದಿಗೆ ರೋಗಿಗಳೊಂದಿಗಾಗಲಿ, ರೋಗಿಗಳ ವಸ್ತುಗಳೊಂದಿಗಾಗಲಿ ನೇರ ಸಂಪರ್ಕವಿರುವುದಿಲ್ಲ. ಆದ್ದರಿಂದ ಮೃತರಿಗೆ ಸೋಂಕು ಮನೆಯವರ ಸಂಪರ್ಕದಿಂದ ತಗುಲಿದೆಯೆಂದು ಪರಿಗಣಿಸಲಾಗಿದೆ.'

ಆ ಕಾಗದವನ್ನು ಅತ್ತೆಗೆ ಓದಿ ಹೇಳಿದವಳು ಇವಳೇ. ಓದುವಾಗ ತಾನೇನು ಓದುತ್ತಿದ್ದೇನೆ ಎಂದು ಹೊಳೆಯುವಷ್ಟರಲ್ಲಿ ಓದಿ ಮುಗಿದಿತ್ತು.

"ಮನೆಯವರು ಅಂದ್ರೆ ಯಾರು?" ಎಂದು ಕೇಳಿದಳು ಅತ್ತೆ.

ಮನೆಯಲ್ಲಿದ್ದದ್ದು ಮೂವರು. ಒಬ್ಬ ಹೋದ. ಉಳಿದ ಇಬ್ಬರಲ್ಲಿ ಅತ್ತೆ ಮಂಡಿನೋವಿನವಳು, ಹೊಸಲು ದಾಟಿ ವರ್ಷವಾಗಿತ್ತು. ಇನ್ನೊಬ್ಬಳು ದಿನಕ್ಕೆ ಸಾವಿರ ಜನ ಬಾಯಿ ಹಾಕಿ ಮಾತಾಡುವ ಟಿಕೆಟ್ ಕಿಟಕಿಯ ಹಿಂದೆ ಕೂರುತ್ತಿದ್ದವಳು. ಲೆಕ್ಕ ಹಾಕಲು ಬೆರಳೂ ಬೇಕಿರಲಿಲ್ಲ. ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ಅವಳ ಜತೆ ಮಾತು ಬಿಟ್ಟಳು. ಏನಾದರೂ ಬೇಕಾದರೆ ಗೋಡೆಗೆ ಹೇಳುತ್ತಿದ್ದಳು: "ಎಣ್ಣೆ ಮುಗಿದಿದೆ." "ನಲ್ಲಿ ಸೋರ್ತಿದೆ." ಗೋಡೆಗೆ ಹೇಳಿದ್ದನ್ನು ಇವಳು ಕೇಳಿಸಿಕೊಂಡು ಮಾಡುತ್ತಿದ್ದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಹಿರಿಯಕ್ಕ ರೇಗುತ್ತಿದ್ದಳು. ಆದರೆ ಹಿರಿಯಕ್ಕನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಗಂಡನಿಗೆ ಜ್ವರ ಬರುವ ನಾಲ್ಕು ದಿನ ಮೊದಲು ಇವಳ ಗಂಟಲು ಕೆರೆದಿತ್ತು. ಎರಡು ದಿನ ಬಿಸಿನೀರು ಕುಡಿದು, ಯಾರಿಗೂ ಹೇಳದೆ ಕಿಟಕಿಗೆ ಹೋಗಿ ಕೂತಿದ್ದಳು. ಮೂರನೆಯ ದಿನ ಹೋಯಿತು. ಧೂಳೋ, ಮಾತೋ, ಅದೇ ಕಾಯಿಲೆಯೋ? ಅವಳಿಗೆ ತಿಳಿಯದು. ಐದು ತಿಂಗಳಿಂದ ಅವಳು ಆ ಎರಡು ದಿನಗಳನ್ನು ಹೊತ್ತುಕೊಂಡು ಓಡಾಡುತ್ತಿದ್ದಳು. ಗಂಡನನ್ನು ಕೊಂದವಳು ತಾನೇ ಇರಬಹುದು ಎಂಬ ಯೋಚನೆ ಬೆಳಿಗ್ಗೆ ಕಣ್ಣು ಬಿಡುವುದಕ್ಕೂ ಮೊದಲೇ ಎದ್ದು ಕೂತಿರುತ್ತಿತ್ತು. ಕಾಯಿಲೆ ಬಂದು ಹೋದವರ ರಕ್ತದಲ್ಲಿ ಅದರ ಗುರುತು ಉಳಿದಿರುತ್ತದೆ, ಅದನ್ನು ಪರೀಕ್ಷೆಯಲ್ಲಿ ಕಂಡುಹಿಡಿಯಬಹುದು ಎಂದು ಕೇಳಿದ ದಿನದಿಂದ ಅವಳಿಗೆ ಬೇರೆ ಏನೂ ಬೇಕಿರಲಿಲ್ಲ. ಗುರುತು ಇಲ್ಲವೆಂದರೆ ಗಂಟಲು ಬರೀ ಗಂಟಲು. ಗೊತ್ತಾಗಲಿ, ಏನಾದರೂ ಒಂದು ಗೊತ್ತಾಗಲಿ.

"ಏನಾಯ್ತು?" ಎಂದಳು ಹಿರಿಯಕ್ಕ, ಅವಳ ಮಡಚಿದ ತೋಳು ನೋಡಿ.

"ನಮಗೆ ಸಂಪರ್ಕ ಇಲ್ಲವಂತೆ."

ಆಗ ಕೊಳವೆಯಿಂದ ಒಂದು ಗಂಟು ಧೊಪ್ಪನೆ ಬಿತ್ತು. ಎರಡನೇ ಮಹಡಿಯದು. ಎಲ್ಲರೂ ಅದನ್ನೇ ನೋಡಿದರು. ಹಿರಿಯಕ್ಕ ಗಂಟಿನ ತುದಿಗೆ ಕೈ ಹಾಕಿದಳು. ಅತ್ತಿಗೆ ಅವಳ ಕೈ ಹಿಡಿದುಕೊಂಡಳು.

"ಬೇಡಕ್ಕ. ಸಂಪರ್ಕ ಇಲ್ಲ ಅಂತ ಅವರೇ ಬರೆದಿದಾರೆ. ಇಲ್ಲದ ಸಂಪರ್ಕನ ನಾವ್ಯಾಕೆ ಮಾಡೋಣ?"

"ಹಂಗಂದ್ರೆ?"

"ಗಂಟನ್ನ ಗಂಟಾಗೇ ಯಂತ್ರಕ್ಕೆ ಹಾಕೋಣ. ಬಿಚ್ಚೋದು ಬೇಡ, ಕೊಡವೋದು ಬೇಡ, ಎಣಿಸೋದು ಬೇಡ. ಬಟ್ಟೆ ಒಗೀತೀವಿ, ಕೆಲಸ ನಿಲ್ಲಿಸಲ್ಲ. ಮುಟ್ಟೋದು ಮಾತ್ರ ಇಲ್ಲ."

ಹಿರಿಯಕ್ಕನ ಮುಖದಲ್ಲಿ ಮೂಡಿದ ಸಂತೋಷವನ್ನು ನೋಡಬೇಕಿತ್ತು. ಯಂತ್ರಗಳನ್ನೂ ಉಗಿಯ ಕೊಳವೆಯನ್ನೂ ನೋಡಿಕೊಳ್ಳುವವನು ಉಗಿರಾಯ. ದೊಡ್ಡ ಹೊಟ್ಟೆಯ, ಅಳುಬುರುಕ ಗಂಡಸು. "ಯಂತ್ರ ಕೆಟ್ಟರೆ ನನ್ನ ತಲೆಗೆ ಬರುತ್ತೆ," ಎಂದ. "ನಿನ್ನ ತಲೆ ಇಷ್ಟು ದಿನ ಯಾವ ಕೆಲಸಕ್ಕೆ ಬಂದಿದೆ?" ಎಂದಳು ಹಿರಿಯಕ್ಕ.

ಅನ್ಯಾಯ ಮಾಡಬಾರದೆಂದು ಮೊದಲು ಎಲ್ಲ ವಾರ್ಡುಗಳಿಗೂ ಚೀಟಿ ಬರೆದು ಕಳಿಸಿದರು: 'ಗಂಟು ಕಟ್ಟುವ ಮೊದಲು ರೋಗಿಗಳ ವಸ್ತು ತೆಗೆದಿಟ್ಟುಕೊಳ್ಳಿ. ಇಂದಿನಿಂದ ನಾವು ಬಟ್ಟೆ ಮುಟ್ಟುವುದಿಲ್ಲ.' ಚೀಟಿಯನ್ನು ಯಾರೂ ಓದಲಿಲ್ಲ. ಬಟ್ಟೆ ಕೋಣೆಯಿಂದ ಬಂದ ಚೀಟಿಯನ್ನು ಯಾರು ಓದುತ್ತಾರೆ?

ಮೊದಲ ದಿನ ಎರಡು ಕನ್ನಡಕ ಪುಡಿಯಾದವು. ಒಂದು ಮೊಬೈಲ್ ಬಿಸಿನೀರಿನಲ್ಲಿ ಮುಕ್ಕಾಲು ಗಂಟೆ ಸ್ನಾನ ಮಾಡಿ, ಪ್ರಾಣ ಬಿಟ್ಟು ಹೊರಗೆ ಬಂತು. ಎರಡನೆಯ ದಿನ ಶಸ್ತ್ರಚಿಕಿತ್ಸೆಯ ಕತ್ತರಿಯೊಂದು ಮೂರನೇ ಯಂತ್ರದ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತು. ಉಗಿರಾಯ ಅದನ್ನು ಬಿಡಿಸುತ್ತಾ ಅತ್ತೇಬಿಟ್ಟ. ವಾರ್ಡುಗಳಿಗೆ ಹೋದ ಬಟ್ಟೆ ಒಂದು ಕಡೆ ಹನ್ನೆರಡು ಹೆಚ್ಚು, ಇನ್ನೊಂದು ಕಡೆ ಇಪ್ಪತ್ತು ಕಡಿಮೆ. ವಾರ್ಡಿನ ಸಿಸ್ಟರುಗಳು ಫೋನು ಮಾಡಿ ಬೈದರು. ಹಿರಿಯಕ್ಕ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದಳು: "ನಮಗೆ ಸಂಪರ್ಕ ಇಲ್ಲ ಸಿಸ್ಟರ್."

ಆದರೆ ಕೆಲಸ ಕೆಡಿಸಿದ್ದು, ಅಥವಾ ಕೆಲಸ ಮಾಡಿಸಿದ್ದು, ಒಂದು ಪೆನ್ನು. ಯಾವುದೋ ಬಿಳಿ ಕೋಟಿನ ಜೇಬಿನಲ್ಲಿ ಉಳಿದಿದ್ದ ದಪ್ಪನೆಯ ಮಸಿಪೆನ್ನು ಯಂತ್ರದೊಳಗೆ ಒಡೆದು, ನಲವತ್ತು ಬಿಳಿ ಹೊದಿಕೆಗಳು ನೀಲಿ ಮೋಡ ಮೋಡವಾಗಿ ಹೊರಬಂದವು. ಕೋಟಿನ ಎದೆಯ ಮೇಲೆ ಹೆಸರು ಹೊಲಿದಿತ್ತು. ಸೂಪರಿಂಟೆಂಡೆಂಟರದು.

ಅವರು ಬುಧವಾರ ಬೆಳಿಗ್ಗೆ ಬಂದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಬಟ್ಟೆ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು ಎಂದು ಹಿರಿಯಕ್ಕ ಆಮೇಲೆ ಎಲ್ಲರಿಗೂ ಹೇಳಿದಳು. ಜತೆಯಲ್ಲಿ ಸೋಂಕು ವಿಭಾಗದ ಡಾಕ್ಟರಮ್ಮ ಇದ್ದಳು. ಈ ರಕ್ತ ಪರೀಕ್ಷೆಯನ್ನೆಲ್ಲ ನಡೆಸುತ್ತಿದ್ದವಳು ಅವಳೇ. ಸಣ್ಣ ವಯಸ್ಸು, ನಿದ್ದೆಗೆಟ್ಟ ಕಣ್ಣು.

"ಯಾರು ನಿಮಗೆ ಹೇಳಿದ್ದು ಬಟ್ಟೆ ಮುಟ್ಟಬೇಡಿ ಅಂತ?" ಎಂದು ಕೇಳಿದರು ಸೂಪರಿಂಟೆಂಡೆಂಟ್. ಮೆದು ದನಿಯ ಮನುಷ್ಯ. ಬೈಯುವಾಗಲೂ ಔಷಧಿ ಬರೆದು ಕೊಡುವವರಂತೆ ಮಾತಾಡುತ್ತಿದ್ದರು.

"ನೀವೇ ಸಾರ್," ಎಂದಳು ಅತ್ತಿಗೆ. ಕಾಗದವನ್ನು ಅವಳು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದಳು. ಬಿಡಿಸಿ ಕೊಟ್ಟಳು. "ರೋಗಿಗಳ ವಸ್ತುಗಳ ಜತೆ ನಮಗೆ ಸಂಪರ್ಕ ಇಲ್ಲ ಅಂತ ನಿಮ್ಮದೇ ಸಹಿ. ಅದರ ಪ್ರಕಾರ ನಡೀತಿದೀವಿ."

ಅವರು ಓದಿದರು. ಓದಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡಿದರು.

"ಗೋಡೆ ಮೇಲಿರೋದೂ ನಿಮ್ಮದೇ ಸಹಿ ಸಾರ್," ಎಂದಳು ಅವಳು. "ಬಿಡಿಸಿ, ಕೊಡವಿ, ಎಣಿಸಿ ಅಂತ. ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ಹೇಳಿ, ಅದನ್ನ ಕಿತ್ತು ಹಾಕ್ತೀವಿ."

ಆ ಹೊತ್ತಿಗೇ ಕೊಳವೆಯಿಂದ ಗಂಟೊಂದು ಬಿದ್ದು ಸೂಪರಿಂಟೆಂಡೆಂಟರು ಒಂದು ಹೆಜ್ಜೆ ಹಿಂದಕ್ಕೆ ಹಾರಿದರು. ಉಗಿರಾಯ ನಗು ತಡೆಯಲಾಗದೆ ಯಂತ್ರದ ಹಿಂದಕ್ಕೆ ಹೋದ. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಅವಳು ಗೋಡೆಯ ಫಲಕವನ್ನು, ಕೊಡವುವ ಮೇಜನ್ನು, ಕಿಟಕಿಯಿಲ್ಲದ ಗೋಡೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ಇದನ್ನ ನನಗ್ಯಾರೂ ಹೇಳಿರ್ಲಿಲ್ಲ," ಎಂದಳು. "ಇವರನ್ನ ಪರೀಕ್ಷೆ ಮಾಡ್ದೇ ಇದ್ರೆ ನನ್ನ ಲೆಕ್ಕಕ್ಕೆ ಅರ್ಥಾನೇ ಇಲ್ಲ ಸಾರ್. ಎಂಟೇ ಜನ. ಇವತ್ತೇ ಸೇರಿಸ್ತೀನಿ."

ಸೂಪರಿಂಟೆಂಡೆಂಟ್ ತಲೆಯಾಡಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ ಅವರದು. "ಮಾಡಿ. ಆದರೆ ನಾಳೆಯಿಂದ ಬಟ್ಟೆ ಸರಿಯಾಗಿ ಬರಬೇಕು."

ಮಧ್ಯಾಹ್ನ ಎಂಟೂ ಜನ ಸಾಲಾಗಿ ಗ್ರಂಥಾಲಯಕ್ಕೆ ಹೋದರು. ಅದೇ ಗುಮಾಸ್ತ ಎಂಟು ಚೀಟಿ ಹರಿದು ಕೊಟ್ಟ. ಉಗಿರಾಯ ಸೂಜಿ ನೋಡಿ ಕಣ್ಣು ಮುಚ್ಚಿಕೊಂಡ. ಅತ್ತಿಗೆ ಕಣ್ಣು ಬಿಟ್ಟುಕೊಂಡೇ ನೋಡಿದಳು. ಟ್ಯೂಬಿನೊಳಗೆ ರಕ್ತ ಕಪ್ಪಗೆ ಏರಿತು. ಅದರಲ್ಲಿ ಏನಿದೆಯೋ ಅದು ಈಗ ಹೊರಗೆ ಬಂದಾಯಿತು, ಇನ್ನು ಮುಚ್ಚಿಡುವಂತಿಲ್ಲ ಎಂದುಕೊಂಡಳು. ಹೆದರಿಕೆಯಾಯಿತು. ಹೆದರಿಕೆಯ ಜತೆಗೇ ಎಂಥದೋ ಹುಮ್ಮಸ್ಸೂ ಇತ್ತು.

ಮೂರನೆಯ ದಿನ ಡಾಕ್ಟರಮ್ಮ ತಾನೇ ಬಟ್ಟೆ ಕೋಣೆಗೆ ಇಳಿದು ಬಂದಳು. ಒಬ್ಬೊಬ್ಬರನ್ನೇ ಅಂಗಳಕ್ಕೆ ಕರೆದು ಹೇಳಿದಳು. ಹೇಳಿದ್ದನ್ನು ಯಾರೂ ಗುಟ್ಟಾಗಿಡಲಿಲ್ಲ. ಎಂಟರಲ್ಲಿ ಏಳು ಜನಕ್ಕೆ ಕಾಯಿಲೆ ಬಂದು ಹೋಗಿತ್ತು. ಬಾರದೆ ಇದ್ದವನು ಉಗಿರಾಯ ಒಬ್ಬನೇ, ಗಂಟಿಗೆ ಯಾವತ್ತೂ ಕೈ ಹಾಕದವನು. "ನಾನೇನು ತಪ್ಪು ಮಾಡಿದೆ?" ಎಂದು ಅವನು ಮುಖ ಸಣ್ಣದು ಮಾಡಿಕೊಂಡ, ಹಂಚಿದ್ದರಲ್ಲಿ ತನಗೊಬ್ಬನಿಗೇ ಸಿಗಲಿಲ್ಲವೇನೋ ಎಂಬಂತೆ.

"ಮೇಲಿನ ತುರ್ತು ವಾರ್ಡಿನ ನರ್ಸುಗಳಲ್ಲಿ ನಾಲ್ಕು ಜನಕ್ಕೆ ಒಬ್ಬರಿಗೆ ಬಂದಿದೆ," ಎಂದಳು ಡಾಕ್ಟರಮ್ಮ. "ಇಡೀ ಆಸ್ಪತ್ರೆಯಲ್ಲಿ ಹೆಚ್ಚು ಇರೋದು ಇಲ್ಲೇ."

ಅತ್ತಿಗೆಯ ರಕ್ತದಲ್ಲೂ ಗುರುತಿತ್ತು.

"ಯಾವಾಗ ಬಂದದ್ದು?" ಎಂದು ಕೇಳಿದಳು ಅವಳು. "ಐದು ತಿಂಗಳ ಹಿಂದೆಯಾ, ಇಲ್ಲಿ ಸೇರಿದ ಮೇಲಾ?"

"ಗೊತ್ತಾಗಲ್ಲ. ರಕ್ತಕ್ಕೆ ತಾರೀಖು ಗೊತ್ತಿರಲ್ಲಮ್ಮ. ಬಂದಿತ್ತು ಅಂತ ಹೇಳುತ್ತೆ. ಯಾವತ್ತು, ಯಾರಿಂದ, ಇದೆಲ್ಲ ಹೇಳಲ್ಲ."

ಅವಳು ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟಳು. ಒಂದೇ ಒಂದು ಪ್ರಶ್ನೆ ಕೇಳಲು ಇಷ್ಟೆಲ್ಲ ರಂಪ ಮಾಡಿದ್ದಾಯಿತು, ಅದಕ್ಕೇ ಉತ್ತರವಿಲ್ಲ. ಡಾಕ್ಟರಮ್ಮ ಅವಳಿಗೆ ಒಂದು ಹಾಳೆ ಕೊಟ್ಟಳು. ಅದರಲ್ಲಿ ವಿಭಾಗವಾರು ಅಂಕಿಗಳಿದ್ದವು, ಕೊನೆಯಲ್ಲಿ ಅವಳ ಕೈಬರಹದಲ್ಲಿ ಎರಡು ಸಾಲು: 'ಬಟ್ಟೆ ವಿಭಾಗದಲ್ಲಿ ಸೋಂಕು ಅತಿ ಹೆಚ್ಚು. ಬಟ್ಟೆ ಕೊಡವುವ ಪದ್ಧತಿಯೇ ಕಾರಣವಿರಬಹುದು.'

"ಇದನ್ನ ಸಾರ್‌ಗೆ ತೋರ್ಸಿ. ನಾನೂ ಹೇಳಿದೀನಿ," ಎಂದಳು.

ಸೂಪರಿಂಟೆಂಡೆಂಟ್ ಹಾಳೆಯನ್ನು ಪೂರ್ತಿ ಓದಿದರು. ಅವಳಿಗೆ ಕುರ್ಚಿ ತೋರಿಸಿದರು, ಅವಳು ಕೂರಲಿಲ್ಲ.

"ಸೋಮವಾರದಿಂದ ಕೊಡವೋದನ್ನ ನಿಲ್ಲಿಸ್ತೀವಿ," ಎಂದರು. "ವಾರ್ಡಿನಲ್ಲೇ ಎಣಿಸಿ ಕಳಿಸ್ತಾರೆ. ನಿಮಗೆ ಒಳ್ಳೆ ಮುಖಗವಸು ಕೊಡ್ತೀವಿ. ಇದು ನಿಮ್ಮಿಂದ ಆದ ಒಳ್ಳೆ ಕೆಲಸ."

"ನನ್ನ ಗಂಡನ ಕಾಗದ ಸಾರ್?"

ಅವರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ನಿಮ್ಮ ರಕ್ತದಲ್ಲೂ ಇದೆ. ನೀವು ಆಗ ಬಸ್ ನಿಲ್ದಾಣದಲ್ಲಿದ್ರಿ. ನಿಮ್ಮಿಂದ ಅವರಿಗೆ ಬಂದಿರಬಹುದು ಅನ್ನೋದನ್ನ ಈ ಪರೀಕ್ಷೆ ಅಲ್ಲ ಅನ್ನಲ್ಲ. ಒಂದು ರೀತೀಲಿ, ನಾವು ಬರೆದಿದ್ದಕ್ಕೆ ಇದೇ ಆಧಾರ ಆಗುತ್ತೆ."

"ಇಲ್ಲಿನ ಆರು ಜನಕ್ಕೂ ನಾನೇ ಕೊಟ್ಟೆನಾ ಸಾರ್? ಅವರನ್ನ ನಾನು ಆಗ ನೋಡೇ ಇರ್ಲಿಲ್ಲ."

"ಅವರವರ ಮನೆಯಿಂದ ಬಂದಿರಬಹುದು."

"ಆರೂ ಮನೆಯಿಂದ?"

"ಇರಬಹುದು ಅಂದೆ," ಎಂದರು ಅವರು ಅದೇ ಮೆದು ದನಿಯಲ್ಲಿ. "ಕಾಗದ ಹಾಗೇ ಇರುತ್ತೆ."

ತಾನು ಜಗಳವಾಡಿ ಕೊಟ್ಟ ರಕ್ತವನ್ನೇ ತನ್ನ ಮೇಲೆ ಸಾಕ್ಷಿಗೆ ನಿಲ್ಲಿಸಿದ್ದರು. ಅವಳು ಹಾಳೆಯನ್ನು ಮೇಜಿನ ಮೇಲಿಂದ ಎತ್ತಿಕೊಂಡಳು. ಸಿಟ್ಟು ಬಂತು, ಅಳು ಬರಲಿಲ್ಲ. "ಇದು ಇಲ್ಲಿಗೆ ಮುಗೀಲಿಲ್ಲ ಸಾರ್," ಎಂದಷ್ಟೇ ಹೇಳಿ ಹೊರಗೆ ಬಂದಳು.

ಮನೆಗೆ ಬಂದಾಗ ಅತ್ತೆ ಊಟ ಮುಗಿಸಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವಳು ಕೈಕಾಲು ತೊಳೆದು, ಅತ್ತೆಯ ಎದುರಿಗೆ ನೆಲದ ಮೇಲೆ ಕೂತು, ಹಾಳೆಯನ್ನು ಮುಂದಿಟ್ಟಳು. ಬೇಕೆಂದರೆ ಅರ್ಧ ಹೇಳಿ ನಿಲ್ಲಿಸಬಹುದಿತ್ತು. ಏಳು ಜನ, ಕೊಡವುವ ಪದ್ಧತಿ, ಡಾಕ್ಟರಮ್ಮನ ಎರಡು ಸಾಲು, ಅಷ್ಟು ಸಾಕಿತ್ತು. ಅತ್ತೆಗೆ ಓದು ಬಾರದು. ಆದರೆ ಐದು ತಿಂಗಳ ಹೊರೆ ಅವಳಿಗೆ ಸಾಕಾಗಿತ್ತು. ಎಲ್ಲ ಹೇಳಿದಳು. ತನ್ನ ರಕ್ತದಲ್ಲೂ ಇದೆ ಎಂದಳು. ಸೂಪರಿಂಟೆಂಡೆಂಟ್ ಅಂದದ್ದನ್ನು ಅಂದ ಹಾಗೇ ಹೇಳಿದಳು.

"ಇನ್ನೊಂದಿದೆ ಅತ್ತೆ. ಅವರಿಗೆ ಜ್ವರ ಬರೋ ಮುಂಚೆ ನನಗೆ ಎರಡು ದಿನ ಗಂಟಲು ಕೆರೆದಿತ್ತು. ಯಾರಿಗೂ ಹೇಳ್ಲಿಲ್ಲ. ಅದು ಇದೇನೋ ಅಲ್ವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲವಂತೆ. ನನ್ನಿಂದಲೂ ಬಂದಿರಬಹುದು, ಆ ಮೇಜಿಂದಲೂ ಬಂದಿರಬಹುದು. ನೀವು ನನ್ನ ಬಯ್ಯೋದಾದ್ರೆ ಬಯ್ದುಬಿಡಿ. ಗೋಡೆಗೆ ಹೇಳಬೇಡಿ."

ಅತ್ತೆ ಅವಳನ್ನೇ ನೋಡಿದಳು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು ಒಳಗೆ ಹೋದಳು. ಆ ದಿನ ಗೋಡೆಗೂ ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಅತ್ತೆ ಒಗೆದ ಬಟ್ಟೆಯುಟ್ಟು, ತಲೆ ಬಾಚಿಕೊಂಡು, ಹೊಸಲ ಮೇಲೆ ನಿಂತು ಒಂದು ಕಾಲನ್ನು ಚಪ್ಪಲಿಗೆ ತೂರಿಸಲು ಒದ್ದಾಡುತ್ತಿದ್ದಳು.

"ಎಲ್ಲಿಗತ್ತೆ?"

"ಇದನ್ನ ಹಾಕು," ಎಂದಳು ಅತ್ತೆ ಕಾಲು ಮುಂದೆ ಮಾಡಿ. ಆ ಕಾಗದ ಬಂದ ಮೇಲೆ ಅವಳಿಗೇ ಹೇಳಿದ ಮೊದಲ ಮಾತು ಅದು. "ಆ ಮನುಷ್ಯನ ಹತ್ರ ಹೋಗ್ತೀನಿ. ಕಾಗದ ತಗೊಂಡಿದೀಯಾ?"

"ಹೋಗಿ ಏನಂತೀರಿ?"

"ನನ್ನ ಸೊಸೆಯಿಂದ ಬಂತು ಅಂತ ಹೇಳೋಕೆ ನೀನ್ಯಾರಪ್ಪ ಅಂತ ಕೇಳ್ತೀನಿ. ಸತ್ತವನು ನನ್ನ ಮಗ. ಯಾರ ಮೇಲಾದ್ರೂ ತಪ್ಪು ಹೊರಿಸೋ ಹಕ್ಕಿದ್ರೆ ಅದು ನನಗೆ. ನಾನು ಹೊರಿಸಿದ್ದಾಯ್ತು. ಈಗ ವಾಪಸ್ ತಗೊಂಡಿದೀನಿ. ಅವನೂ ತಗೊಳ್ಳಲಿ."

ಬಗ್ಗಿ ಚಪ್ಪಲಿ ಹಾಕುವಾಗ ಅವಳಿಗೆ ಅತ್ತೆಯ ಪಾದ ಸರಿಯಾಗಿ ಕಾಣಿಸಲಿಲ್ಲ. ಕಣ್ಣು ತುಂಬಿಕೊಂಡಿತ್ತು. ಅತ್ತೆ ಅದನ್ನು ನೋಡಿಯೂ ನೋಡದವಳಂತೆ, "ಬೇಗ ಬೇಗ, ನಿನ್ನ ಪಾಳಿಗೆ ಹೊತ್ತಾಯ್ತು," ಎಂದಳು.

ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅತ್ತೆ ಪ್ರತಿ ಕಂಬಕ್ಕೂ ನಿಂತು ಮಂಡಿ ಒತ್ತಿಕೊಂಡಳು, ಮಂಡಿಯನ್ನೂ ಬೈದಳು, ಆಸ್ಪತ್ರೆಯನ್ನು ಇಷ್ಟು ದೂರ ಕಟ್ಟಿದವರನ್ನೂ ಬೈದಳು. ಸೂಪರಿಂಟೆಂಡೆಂಟರ ಕೋಣೆಯ ಮುಂದಿನ ಗುಮಾಸ್ತ ತಲೆಯೆತ್ತದೆಯೇ, "ಸಾಹೇಬರಿಲ್ಲ. ಗುರುವಾರ ಬನ್ನಿ," ಎಂದ.

"ಇವತ್ತು ಯಾವ ವಾರ?"

"ಶನಿವಾರ."

"ಸರಿ," ಎಂದು ಅತ್ತೆ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಳು. "ನೀನು ಕೆಲಸಕ್ಕೆ ಹೋಗು," ಎಂದು ಸೊಸೆಗೆ ಹೇಳಿದಳು.

ಸುದ್ದಿ ಕೇಳಿದ ಹಿರಿಯಕ್ಕ ಮಧ್ಯಾಹ್ನದ ಊಟದ ಗಂಟೆಗೆ ಡಬ್ಬಿ ಹಿಡಿದುಕೊಂಡೇ ಮೇಲಕ್ಕೆ ಬಂದಳು. ಅವಳ ಹಿಂದೆ ಉಳಿದವರೂ ಬಂದರು, ಹುಬ್ಬಿನ ನವಿರು ಒರೆಸಿಕೊಳ್ಳದೆ. ಉಗಿರಾಯನೂ ಬಂದ, ಕಾಯಿಲೆ ಬರದಿದ್ದರೇನು, ಬರಬಹುದಲ್ಲ ಎಂದ. ಬೆಂಚು ಸಾಲದೆ ಕೆಲವರು ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದರು. ಗುಮಾಸ್ತ ಎದ್ದು ನಿಂತ, ಏನೋ ಹೇಳಲು ಬಾಯಿ ತೆರೆದ, ಅತ್ತೆ ಅವನ ಮುಖ ನೋಡಿದಳು, ಅವನು ಕೂತ.

ಅತ್ತಿಗೆ ಕೊನೆಯವಳಾಗಿ ಬಂದಳು. ಜಾಗ ಹುಡುಕುತ್ತಾ ನಿಂತಾಗ ಅತ್ತೆ ಒಂದಿಷ್ಟು ಸರಿದು ಬೆಂಚನ್ನು ಅಂಗೈಯಲ್ಲಿ ತಟ್ಟಿದಳು. ಇಬ್ಬರೂ ಒತ್ತಿಕೊಂಡು ಕೂತರು. ಎದುರಿಗೆ ಮುಚ್ಚಿದ ಬಾಗಿಲು. ಅದರ ಹಿಂದೆ ಯಾರೋ ಕುರ್ಚಿ ಸರಿಸಿದ ಸದ್ದು, ಆಮೇಲೆ ಒಂದು ಸಣ್ಣ ಕೆಮ್ಮು ಕೇಳಿಸಿತು.

"ಇದಾನೆ," ಎಂದಳು ಅತ್ತೆ. ಚಪ್ಪಲಿಗಳನ್ನು ಒಂದೊಂದಾಗಿ ಕಳಚಿ, ನೋಯುವ ಮಂಡಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಾಲನ್ನು ಬೆಂಚಿನ ಮೇಲಕ್ಕೆ ಎಳೆದುಕೊಂಡು ಕೂತಳು.